ಹೆಸರೂ ಹುರುಳೂ: ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥದ ವಿಚಾರ

ಗ್ರಂಥಕ್ಕೆ ಹೆಸರಿಡುವುದೆಂದರೆ ಓದುಗನಿಗೆ ಮಾತು ಕೊಡುವುದು. ಆ ಮಾತನ್ನು ಒಳಗಿನ ಪುಟಗಳು ಉಳಿಸಿಕೊಡಬೇಕು. ನಮ್ಮ ಪ್ರಾಚೀನ ಶಾಸ್ತ್ರಕಾರರು ಈ ವಿಷಯದಲ್ಲಿ ಬಹಳ ಬಿಗಿಯಾಗಿದ್ದರು. ಗ್ರಂಥಾರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ತಿಳಿಸಬೇಕೆಂಬುದು ಅವರ ಕಟ್ಟಳೆ. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಗ್ರಂಥ ಏನನ್ನು ಹೇಳುತ್ತದೆ, ಅದರಿಂದ ಬರುವ ಫಲವೇನು, ಹೇಳುವ ಗ್ರಂಥಕ್ಕೂ ಹೇಳಿದ ವಿಷಯಕ್ಕೂ ಇರುವ ನಂಟೇನು, ಅದನ್ನು ಓದಲು ಯಾರು ತಕ್ಕವರು ಎಂಬಿಷ್ಟೂ ಮೊದಲೇ ಗೊತ್ತಾಗಬೇಕು. ಗೊತ್ತಾಗದಿದ್ದರೆ ವಿವೇಕಿಯಾದವನು ಆ ಗ್ರಂಥವನ್ನು ಕೈಗೆತ್ತಿಕೊಳ್ಳುವುದಿಲ್ಲವೆಂದು ಅವರು ನಂಬಿದ್ದರು. ಹೆಸರು ಈ ನಾಲ್ಕರ ಸಾರಸಂಗ್ರಹ.

ಹೆಸರಿಗೂ ಹುರುಳಿಗೂ ಎಲ್ಲ ಕಾಲದಲ್ಲಿಯೂ ಸರಿಹೊಂದಿಕೆ ಇತ್ತೆಂದು ಹೇಳಲಾಗದು. ಧಾರಾನಗರದ ಭೋಜರಾಜನು 11ನೆಯ ಶತಮಾನದಲ್ಲಿ ರಚಿಸಿದ ‘ಸಮರಾಂಗಣ ಸೂತ್ರಧಾರ’ದ ಹೆಸರು ಕೇಳಿದವರು ಅದನ್ನು ಯುದ್ಧವಿದ್ಯೆಯ ಗ್ರಂಥವೆಂದು ಎಣಿಸುವುದು ಸಹಜ. ತೆರೆದು ನೋಡಿದರೆ ಅದು ವಾಸ್ತುವಿದ್ಯೆಯ ಗ್ರಂಥ; ಊರು, ಮನೆ, ಅರಮನೆ, ದೇವಾಲಯಗಳನ್ನು ಕಟ್ಟುವ ಕ್ರಮವೇ ಅದರ ಮುಖ್ಯ ವಿಷಯ. ಕೆಳದಿಯ ಬಸವಪ್ಪ ನಾಯಕನು 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ಬರೆದ ‘ಶಿವತತ್ತ್ವ ರತ್ನಾಕರ’ವೂ ಹೀಗೆಯೇ. ಹೆಸರನ್ನು ನೋಡಿ ಶಿವಸಿದ್ಧಾಂತಕ್ಕಾಗಿ ಬಂದವನಿಗೆ ಅದರಲ್ಲಿ ರಾಜನೀತಿ, ಶಿಲ್ಪ, ಸಂಗೀತ, ವೈದ್ಯ, ಪಾಕಶಾಸ್ತ್ರ ಮೊದಲಾದ ಹತ್ತಾರು ವಿದ್ಯೆಗಳು ದೊರೆಯುತ್ತವೆ. ಇಂಥಲ್ಲಿ ಹೆಸರು ಒಂದಾಗಿದ್ದು ವಿಷಯ ಬೇರೆಯಾದರೂ ಓದುಗನಿಗೆ ನಷ್ಟವಿಲ್ಲ. ಹೇಳಿದ್ದಕ್ಕಿಂತ ಹೆಚ್ಚನ್ನು ಕೊಡುವ ಗ್ರಂಥ ಉದಾರವಾದುದು. ಆದರೆ ಹೇಳಿದ್ದರಲ್ಲಿ ಒಂದನ್ನೂ ಕೊಡದೆ ಹೆಸರಿನ ಬಲದಿಂದಲೇ ಮನೆಮನೆಯನ್ನು ಹೊಕ್ಕ ಗ್ರಂಥವೂ ಉಂಟು. ಅಂಥದೊಂದನ್ನು ಇಲ್ಲಿ ವಿಚಾರಿಸುತ್ತೇವೆ. ‘ಮಹರ್ಷಿ ಭರದ್ವಾಜಪ್ರಣೀತ ವೈಮಾನಿಕ ಶಾಸ್ತ್ರ’ ಎಂಬುದು ಅದರ ಪ್ರಸಿದ್ಧ ನಾಮ.

ವಾಚಕರಲ್ಲಿ ಅನೇಕರು ಈ ಹೆಸರನ್ನು ಕೇಳಿದ್ದೀರಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯಿಂದ ಮಠಕ್ಕೆ ಬರುವ ಸದ್ಭಕ್ತರೂ, ಪ್ರಸಾದ ನಿಲಯದಲ್ಲಿದ್ದು ಓದಿ ಈಗ ಶಿಕ್ಷಕರೋ ಇಂಜಿನಿಯರರೋ ಆಗಿರುವ ಹಳೆಯ ವಿದ್ಯಾರ್ಥಿಗಳೂ ಈ ಗ್ರಂಥದ ಬಗೆಗೆ ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಒಬ್ಬರು ಅಭಿಮಾನದಿಂದ ಕೇಳಿದರೆ ಇನ್ನೊಬ್ಬರು ಸಂಕೋಚದಿಂದ ಕೇಳುತ್ತಾರೆ. ಹಿಂದಿನವರು ವಿಮಾನ ಹಾರಿಸಿದ್ದು ನಿಜವೇ ಎಂಬುದು ಮೊದಲನೆಯವರ ಪ್ರಶ್ನೆ. ಇದು ಸುಳ್ಳಾದರೆ ನಮ್ಮ ಹಿರಿಯರು ಹೇಳಿದ ಉಳಿದ ಮಾತುಗಳ ಗತಿಯೇನು ಎಂಬುದು ಎರಡನೆಯವರ ಪ್ರಶ್ನೆ. ಎರಡನೆಯ ಪ್ರಶ್ನೆಯೇ ನಮ್ಮನ್ನು ಈ ಬರಹಕ್ಕೆ ಪ್ರೇರಿಸಿತು.

ಮೊದಲು ಗ್ರಂಥದ ಹುಟ್ಟನ್ನು ನೋಡೋಣ. ಇದು ಬಂದದ್ದು ದೂರದ ಹಿಮಾಲಯದಿಂದಲ್ಲ, ಬೆಂಗಳೂರಿನ ಬಳಿಯ ಆನೇಕಲ್ಲಿನಿಂದ. ಅಲ್ಲಿದ್ದ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ತಮಗೆ ಅಂತಃಸ್ಫುರಣೆಯಿಂದ ತೋರಿತೆಂದು ಶ್ಲೋಕಗಳನ್ನು ಹೇಳುತ್ತಿದ್ದರು, ಜಿ. ವೆಂಕಟಾಚಲ ಶರ್ಮರು ಅವನ್ನು ಬರೆದುಕೊಳ್ಳುತ್ತಿದ್ದರು. ಈ ಕಾರ್ಯ 1918ರಿಂದ 1923ರ ವರೆಗೆ ನಡೆಯಿತು. 1923ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಕ್ಷೆಗಾರರಾಗಿದ್ದ ಟಿ. ಕೆ. ಯಲ್ಲಪ್ಪನವರು ಶಾಸ್ತ್ರಿಗಳ ಮಾತಿನಂತೆ ವಿಮಾನಗಳ ಚಿತ್ರಗಳನ್ನು ಬರೆದುಕೊಟ್ಟರು. ಮುಂದೆ 1959ರಲ್ಲಿ ಸ್ವಾಮಿ ಬ್ರಹ್ಮಮುನಿ ಪರಿವ್ರಾಜಕರು ‘ಬೃಹದ್ ವಿಮಾನ ಶಾಸ್ತ್ರ’ವೆಂಬ ಹೆಸರಿನಿಂದ ಇದನ್ನು ಹಿಂದಿ ಅನುವಾದದೊಂದಿಗೆ ಪ್ರಕಟಿಸಿದರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರರು ಸಂಸ್ಕೃತ ಮೂಲ, ಇಂಗ್ಲಿಷ್ ಅನುವಾದ ಹಾಗೂ ಯಲ್ಲಪ್ಪನವರ ಚಿತ್ರಗಳನ್ನು ಕೂಡಿಸಿ ಹೊರತಂದರು. ಅಲ್ಲಿಂದ ಇದರ ಕೀರ್ತಿ ದೇಶವಿದೇಶಗಳಲ್ಲಿ ಹಬ್ಬಿತು. ಈ ಇತಿಹಾಸದಲ್ಲಿ ಮುಚ್ಚುಮರೆಯೇನೂ ಇಲ್ಲ. ಪ್ರಕಾಶಕರೂ ಇದನ್ನು ಅಲ್ಲಗಳೆದಿಲ್ಲ. ತೊಡಕು ಹುಟ್ಟುವುದು ಹೊದಿಕೆಯ ಮೇಲಣ ಹೆಸರಿನಲ್ಲಿ.

ಆ ಹೆಸರಿನಲ್ಲಿ ಮೂರು ಪದಗಳಿವೆ: ಭರದ್ವಾಜ, ವೈಮಾನಿಕ, ಶಾಸ್ತ್ರ. ಮೂರನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಭರದ್ವಾಜರು ವೈದಿಕ ಋಷಿಗಳು. ಋಗ್ವೇದದ ಆರನೆಯ ಮಂಡಲ ಅವರ ಮನೆತನಕ್ಕೆ ಸೇರಿದುದು. ಚರಕಸಂಹಿತೆಯು ಆಯುರ್ವೇದವನ್ನು ಇಂದ್ರನಿಂದ ಭೂಮಿಗೆ ತಂದವರೆಂದು ಅವರನ್ನು ಸ್ಮರಿಸುತ್ತದೆ. ಅಂಥವರ ಕೃತಿಯೆಂದು ಹೇಳಬೇಕಾದರೆ ಏನೇನು ಬೇಕು? ಒಂದು ಹಳೆಯ ಹಸ್ತಪ್ರತಿ ಬೇಕು. ಇಲ್ಲವೇ ಬೇರೆ ಬೇರೆ ಪ್ರಾಂತಗಳಲ್ಲಿ ದೊರೆತ ಪ್ರತಿಗಳು ಬೇಕು. ಅದೂ ಇಲ್ಲದಿದ್ದರೆ ನಡುವಣ ಕಾಲದ ಯಾವನಾದರೂ ಗ್ರಂಥಕಾರನು ಅದರಿಂದ ಎತ್ತಿಕೊಂಡ ವಾಕ್ಯವಾದರೂ ಬೇಕು. ಭಾಷೆಯಾದರೂ ಆ ಕಾಲವನ್ನು ಸೂಚಿಸಬೇಕು. ಇಲ್ಲಿ ಇವಾವುವೂ ಇಲ್ಲ. ಬರಹದ ಮೂಲಕ್ಕೆ ಹೋಗುತ್ತ ಹೋಗುತ್ತ ನಾವು ಮುಟ್ಟುವುದು ವೆಂಕಟಾಚಲ ಶರ್ಮರ ಲೇಖನಿಯನ್ನೇ ಹೊರತು ಓಲೆಗರಿಯನ್ನಲ್ಲ. ಶ್ಲೋಕಗಳು ಸರಳವಾದ ಅನುಷ್ಟುಪ್ಪಿನಲ್ಲಿವೆ. ಅವುಗಳ ಸಂಸ್ಕೃತ ವೈದಿಕವಲ್ಲ, ಇತ್ತೀಚಿನದು. ಪಾಠಶಾಲೆಯಲ್ಲಿ ನಾಲ್ಕು ವರ್ಷ ವ್ಯಾಕರಣ ಓದಿದ ವಟುವಿಗೂ ಈ ವ್ಯತ್ಯಾಸ ತಿಳಿಯುವಂಥದು.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಈ ಗ್ರಂಥಕ್ಕೆ ಬೋಧಾನಂದವೃತ್ತಿಯೆಂಬ ವ್ಯಾಖ್ಯಾನವೂ ಉಂಟು. ಲೋಕದಲ್ಲಿ ಮೂಲವು ಒಬ್ಬರಿಂದ ಹುಟ್ಟಿ, ಅನೇಕ ತಲೆಮಾರುಗಳ ಬಳಿಕ ಅದರ ಅರ್ಥ ಮಸುಕಾದಾಗ ವೃತ್ತಿ ಹುಟ್ಟುವುದು ವಾಡಿಕೆ. ಮೂಲಕ್ಕೂ ವೃತ್ತಿಗೂ ಬೇರೆ ಬೇರೆ ಪ್ರತಿಗಳ ಪರಂಪರೆ ಇರುತ್ತದೆ. ಇಲ್ಲಿಯಾದರೋ ಮೂಲ, ವೃತ್ತಿ ಎರಡೂ ಒಂದೇ ಬಾಯಿಂದ, ಒಂದೇ ಅವಧಿಯಲ್ಲಿ ಬಂದಿವೆ. ಹಾಗಿರುವಲ್ಲಿ ವೃತ್ತಿಯು ಮೂಲದ ಪ್ರಾಚೀನತೆಗೆ ಸಾಕ್ಷಿಯಾಗಲಾರದು. ತನ್ನ ಮಾತಿಗೆ ತಾನೇ ಸಾಕ್ಷಿ ನುಡಿದರೆ ಪಂಚರು ಒಪ್ಪುವರೆ?

ಹೀಗಾಗಿ ಹೆಸರಿನ ಮೊದಲನೆಯ ಪದ ಬಿದ್ದುಹೋಯಿತು.

ಎರಡನೆಯದು ‘ವೈಮಾನಿಕ’. ವಿಮಾನ ವಿದ್ಯೆಗೆ ಸಂಬಂಧಿಸಿದುದೆಂದು ಇದರ ಅರ್ಥ. ಇದನ್ನು ಪರೀಕ್ಷಿಸಲು ನಮ್ಮಂಥ ಕಾವಿಧಾರಿಗಳು ಅಧಿಕಾರಿಗಳಲ್ಲ, ಆ ವಿದ್ಯೆಯನ್ನು ಬಲ್ಲವರೇ ಅಧಿಕಾರಿಗಳು. ಸುದೈವದಿಂದ ಅಂಥ ಪರೀಕ್ಷೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ, ಎಸ್. ಎಂ. ದೇಶಪಾಂಡೆ, ಎಚ್. ಆರ್. ನಾಗೇಂದ್ರ, ಎ. ಪ್ರಭು, ಎಸ್. ಪಿ. ಗೋವಿಂದರಾಜು ಎಂಬ ಐವರು ವಿದ್ವಾಂಸರು ಜೋಸ್ಯರರ ಮುದ್ರಣ ಹೊರಬಂದ ಮರುವರ್ಷವೇ, ಅಂದರೆ 1974ರಲ್ಲಿ, ತಮ್ಮ ವಿಮರ್ಶೆಯನ್ನು ಪ್ರಕಟಿಸಿದರು. ಅವರು ಗ್ರಂಥವನ್ನು ಓದದೆಯೇ ತಳ್ಳಿಹಾಕಲಿಲ್ಲ. ಗ್ರಂಥದ ಹಿನ್ನೆಲೆಯನ್ನು ಬಲ್ಲವರನ್ನು ಕಂಡು ವಿಚಾರಿಸಿದರು, ಭಾಷೆಯನ್ನು ಪರಿಶೀಲಿಸಿದರು, ಬಳಿಕ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ಆಕಾರ, ದ್ರವ್ಯ, ಚಾಲನೆಗಳನ್ನು ಲೆಕ್ಕ ಹಾಕಿ ನೋಡಿದರು. ಒಂದು ಗ್ರಂಥಕ್ಕೆ ಇದಕ್ಕಿಂತ ಹೆಚ್ಚಿನ ಗೌರವವನ್ನು ವಿಜ್ಞಾನಿಗಳು ಸಲ್ಲಿಸಲಾರರು.

ಅವರು ಕಂಡುದೇನು? ಗ್ರಂಥವನ್ನು 1904ಕ್ಕಿಂತ ಹಿಂದಕ್ಕೆ ಒಯ್ಯಲು ಆಧಾರವಿಲ್ಲ. ಹೇಳಿದ ನಾಲ್ಕು ವಿಮಾನಗಳಲ್ಲಿ ಒಂದೂ ಹಾರಲಾರದು. ಶ್ಲೋಕಗಳಿಗೂ ಚಿತ್ರಗಳಿಗೂ ಸರಿಯಾದ ಹೊಂದಾಣಿಕೆ ಇಲ್ಲ. ಚಿತ್ರಗಳಲ್ಲಿ ಮಾತ್ರ ಇಂದಿನ ಯಂತ್ರಗಳ ಪರಿಚಯ ಎದ್ದು ಕಾಣುತ್ತದೆ. ಬರೆದವರು ಇಂಜಿನಿಯರಿಂಗ್ ಕಾಲೇಜಿನವರಾಗಿದ್ದುದರಿಂದ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ನಾಲ್ಕರಲ್ಲಿ ರುಕ್ಮ ವಿಮಾನವೊಂದೇ ತುಸುವಾದರೂ ಅರ್ಥವಾಗುವಂತಿದೆ. ಮೇಲಿನಿಂದ ಬೀಸಣಿಗೆಗಳು ಗಾಳಿಯನ್ನು ಒಳಗೆಳೆದು ಕೊಳವೆಗಳ ಮೂಲಕ ಕೆಳಕ್ಕೆ ತಳ್ಳುತ್ತವೆ, ಅದರ ಬಲದಿಂದ ವಿಮಾನ ಮೇಲೇಳುತ್ತದೆ ಎಂಬುದು ಅದರ ಕಲ್ಪನೆ. ಗಾಳಿಯನ್ನು ಕೆಳಕ್ಕೆ ತಳ್ಳಿದರೆ ತಳ್ಳಿದ ವಸ್ತು ಮೇಲಕ್ಕೆ ಒತ್ತಲ್ಪಡುವುದು ನಿಜವೇ. ಆದರೆ ಎಷ್ಟು ಭಾರಕ್ಕೆ ಎಷ್ಟು ಗಾಳಿ, ಎಷ್ಟು ವೇಗ, ಎಷ್ಟು ಶಕ್ತಿ ಎಂಬ ಲೆಕ್ಕವಿಲ್ಲದೆ ಈ ತತ್ತ್ವ ಯಂತ್ರವಾಗುವುದಿಲ್ಲ. ಅಂಥ ಲೆಕ್ಕ ಹಾಕಿ ನೋಡಿದವರಿಗೆ ಗ್ರಂಥದ ಆಕಾರಗಳೂ ಚಾಲನೋಪಾಯಗಳೂ ಹಾರಾಟಕ್ಕೆ ನೆರವಾಗುವ ಬದಲು ಅಡ್ಡಿಯಾಗುವಂಥವೆಂದೇ ಕಂಡವು.

ಹಾರುವ ವಸ್ತುವಿಗೆ ಆಕಾರ ಎಷ್ಟು ಮುಖ್ಯವೆಂಬುದನ್ನು ತಿಳಿಯಲು ದೊಡ್ಡ ವಿದ್ಯೆ ಬೇಡ. ಕಾರಹುಣ್ಣಿಮೆ ಕಳೆದ ಮೇಲೆ ಗಾಳಿಪಟ ಹಾರಿಸುವ ನಮ್ಮ ಹುಡುಗರಿಗೆ ಅದು ಗೊತ್ತು. ಬಾಲಂಗೋಚಿ ಒಂದು ಗೇಣು ಕಡಿಮೆಯಾದರೆ ಪಟ ಗಿರಕಿ ಹೊಡೆದು ನೆಲಕ್ಕೆ ಬೀಳುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗುವ ಮೈ ಬೇಕು. ಎತ್ತಿ ಹಿಡಿಯುವ ರೆಕ್ಕೆ ಬೇಕು. ಎರಡರ ನಡುವೆ ತೂಕದ ಸಮತೋಲ ಬೇಕು. ಈ ಗ್ರಂಥದ ಚಿತ್ರಗಳನ್ನು ನೋಡಿದರೆ ರುಕ್ಮ ವಿಮಾನ ಅಂತಸ್ತು ಅಂತಸ್ತಾಗಿ ಶಿಖರದಂತೆ ಮೇಲೇರಿದೆ. ತ್ರಿಪುರ ವಿಮಾನ ಮಾಳಿಗೆಯ ಮನೆಯಂತಿದೆ. ಇವು ನಿಲ್ಲುವುದಕ್ಕೆ ತಕ್ಕ ಆಕಾರಗಳು, ಹಾರುವುದಕ್ಕಲ್ಲ.

ಇಲ್ಲಿ ಒಂದು ಮಾತು ಹೇಳದಿರಲಾರೆವು. ನಮ್ಮ ಸೀಮೆಯಲ್ಲಿ ‘ವಿಮಾನ’ವೆಂಬ ಶಬ್ದಕ್ಕೆ ಇನ್ನೊಂದು ಅರ್ಥ ಸಾವಿರದ ಇನ್ನೂರು ವರ್ಷಗಳಿಂದ ಕಣ್ಣೆದುರು ನಿಂತಿದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಗರ್ಭಗೃಹದ ಮೇಲೆ ಎದ್ದಿರುವುದು ವಿಮಾನ. ‘ಮಾ’ ಎಂದರೆ ಅಳೆಯುವುದು. ವಿಶೇಷವಾಗಿ ಅಳತೆ ಮಾಡಿ ಕಟ್ಟಿದುದು ವಿಮಾನವೆಂದು ಶಿಲ್ಪಿಗಳು ತಿಳಿದಿದ್ದರು. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗಾಗಿ ರಾಣಿ ಲೋಕಮಹಾದೇವಿ 8ನೆಯ ಶತಮಾನದ ನಡುಭಾಗದಲ್ಲಿ ಈ ಗುಡಿಯನ್ನು ಕಟ್ಟಿಸಿದಳು. ಅದನ್ನು ಕಟ್ಟಿದ ಶಿಲ್ಪಿ ಯಾರೆಂಬುದನ್ನೂ ಶಾಸನ ಹೇಳುತ್ತದೆ: ಅನಿವಾರಿತಾಚಾರಿಯೆಂದು ಬಿರುದು ಪಡೆದ ಗುಂಡ. ಸರ್ವಸಿದ್ಧಿ ಆಚಾರಿಯೆಂಬ ಇನ್ನೊಬ್ಬ ಶಿಲ್ಪಿಯ ಹೆಸರೂ ಅಲ್ಲಿದೆ. ಅರಸಿಯ ಹೆಸರಿನ ಜೊತೆಗೆ ಕಲ್ಲು ಕಡಿದವನ ಹೆಸರನ್ನೂ ಕಲ್ಲಿನಲ್ಲಿ ಬರೆಸಿದ ನಾಡು ನಮ್ಮದು. ಆ ವಿಮಾನವನ್ನು ಯಾರು ಬೇಕಾದರೂ ಇಂದಿಗೂ ಅಳೆದು ನೋಡಬಹುದು. ‘ವೈಮಾನಿಕ ಶಾಸ್ತ್ರ’ದ ವಿಮಾನವಾದರೋ ಅಳೆಯಹೋದಾಗಲೇ ಕರಗಿಹೋಗುತ್ತದೆ.

ಮೂರನೆಯ ಪದ ‘ಶಾಸ್ತ್ರ’. ಇದರ ವಿಷಯದಲ್ಲಿ ನಮಗೂ ಸ್ವಲ್ಪ ಅಧಿಕಾರ ಉಂಟೆಂದು ಭಾವಿಸುತ್ತೇವೆ. ಶ್ಲೋಕರೂಪದಲ್ಲಿ ಇದ್ದಮಾತ್ರಕ್ಕೆ ಯಾವುದೂ ಶಾಸ್ತ್ರವಾಗದು. ಶಾಸ್ತ್ರದಲ್ಲಿ ಪೂರ್ವಪಕ್ಷವಿರುತ್ತದೆ, ಎದುರಾಳಿಯ ಆಕ್ಷೇಪವನ್ನು ಅವನಿಗಿಂತ ಚೆನ್ನಾಗಿ ಹೇಳಿ ಅನಂತರ ಸಮಾಧಾನ ಹೇಳುವ ಕ್ರಮವಿರುತ್ತದೆ. ಪ್ರಮಾಣವಿರುತ್ತದೆ. ಕಾರ್ಯಕಾರಣಗಳ ಸಂಬಂಧವಿರುತ್ತದೆ. ಮಾಡಿದರೆ ಹೇಳಿದ ಫಲ ಬರುತ್ತದೆ. ಬಾರದಿದ್ದರೆ ದೋಷ ಎಲ್ಲಿದೆಯೆಂದು ಹುಡುಕುವ ದಾರಿಯೂ ಇರುತ್ತದೆ. ಈ ಗ್ರಂಥದಲ್ಲಿ ಚಾಲಕನು ಅರಿಯಬೇಕಾದ ಮೂವತ್ತೆರಡು ರಹಸ್ಯಗಳಿವೆ. ಅವನು ಯಾವ ಋತುವಿನಲ್ಲಿ ಏನು ಉಣ್ಣಬೇಕು, ಎಂಥ ಉಡುಪು ತೊಡಬೇಕು ಎಂಬುದಿದೆ. ಬಗೆಬಗೆಯ ದರ್ಪಣಗಳ, ಲೋಹಗಳ ಹೆಸರುಗಳಿವೆ. ಆದರೆ ಭಾರವಾದ ವಸ್ತು ಗಾಳಿಯಲ್ಲಿ ಏಕೆ ನಿಲ್ಲುತ್ತದೆ ಎಂಬ ಒಂದು ಪ್ರಶ್ನೆಗೆ ಉತ್ತರವಿಲ್ಲ. ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಬಿಟ್ಟು ಚಾಲಕನ ಊಟದ ಬಗೆಗೆ ವಿಸ್ತರಿಸಿ ಹೇಳುವ ಬರಹವನ್ನು ಶಾಸ್ತ್ರವೆನ್ನುವುದು ಹೇಗೆ? ಹೆಸರಿಗೆ ಹೊನ್ನಹೊಳೆ, ನೀರಿಗೆ ಬರಗಾಲವೆಂಬ ಗಾದೆ ಇಂಥವನ್ನು ನೋಡಿಯೇ ಹುಟ್ಟಿರಬೇಕು.

ಇನ್ನು ಇದರ ಪರವಾಗಿ ಹೇಳುವ ಮಾತುಗಳನ್ನು ಕೇಳೋಣ. ಅವನ್ನು ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ.

ರಾಮಾಯಣದಲ್ಲಿ ಪುಷ್ಪಕವಿಲ್ಲವೇ ಎಂಬುದು ಮೊದಲನೆಯ ಮಾತು. ಇದೆ. ಅದರೆ ಪುಷ್ಪಕವು ಕುಬೇರನದು, ಏರಿದವರ ಮನಸ್ಸನ್ನು ಅರಿತು ನಡೆಯುವಂಥದು. ಅದನ್ನು ವರ್ಣಿಸಿದುದು ಕಾವ್ಯ. ಕಾವ್ಯದ ಸತ್ಯವೇ ಬೇರೆ, ಕಮ್ಮಟದ ಸತ್ಯವೇ ಬೇರೆ. ಕವಿಯ ಪುಷ್ಪಕವನ್ನು ಯಂತ್ರವೆಂದು ಇಳಿಸಿದರೆ ಕಾವ್ಯಕ್ಕೂ ಅಪಚಾರ, ಯಂತ್ರವಿದ್ಯೆಗೂ ಅಪಚಾರ.

ಭೋಜರಾಜನು ಹಾರುವ ದಾರುಪಕ್ಷಿಯನ್ನು ಹೇಳಿದ್ದಾನಲ್ಲವೆ ಎಂಬುದು ಎರಡನೆಯದು. ಹೇಳಿದ್ದಾನೆ. ‘ಸಮರಾಂಗಣ ಸೂತ್ರಧಾರ’ದ ಯಂತ್ರಾಧ್ಯಾಯದಲ್ಲಿ ಪಾದರಸದ ಬಲದಿಂದ ಮೇಲೇಳುವ ಮರದ ಹಕ್ಕಿಯ ಪ್ರಸ್ತಾಪವಿದೆ. ಆದರೆ ಯಂತ್ರಗಳನ್ನು ಕಟ್ಟುವ ವಿಧಾನವನ್ನು ಗುಟ್ಟಾಗಿರಿಸುವುದಕ್ಕಾಗಿ ಹೇಳಿಲ್ಲವೆಂದು ಅವನೇ ತಿಳಿಸಿದ್ದಾನೆ. ಆದುದರಿಂದ ಅದು ಒಂದು ಆಸೆಗೆ, ಒಂದು ಕಲ್ಪನೆಗೆ ಸಾಕ್ಷಿ; ಹಾರಿದ ಯಂತ್ರಕ್ಕೆ ಸಾಕ್ಷಿಯಲ್ಲ. ಭೋಜನ ಒಂದೆರಡು ಶ್ಲೋಕಗಳ ಆಧಾರದಿಂದ ಆನೇಕಲ್ಲಿನ ಇಡೀ ಗ್ರಂಥವನ್ನು ಪ್ರಾಚೀನವೆನ್ನಲು ಬರುವುದಿಲ್ಲ.

ಶಾಸ್ತ್ರಿಗಳು ಸುಳ್ಳು ಹೇಳುವವರಾಗಿದ್ದರೆ ಎಂದು ಮೂರನೆಯವರು ನೊಂದು ಕೇಳುತ್ತಾರೆ. ನಾವು ಹಾಗೆ ಹೇಳುವುದಿಲ್ಲ. ಅಂತಃಸ್ಫುರಣೆಯಿಂದ ಮಾತು ಹೊರಡುವುದನ್ನು ಸಾಧಕರ ಲೋಕ ಬಲ್ಲದು. ಆದರೆ ಸ್ಫುರಿಸಿದುದೆಲ್ಲ ಪ್ರಮಾಣವಲ್ಲವೆಂಬುದನ್ನೂ ಅದೇ ಲೋಕ ಬಲ್ಲದು. ಹನ್ನೆರಡನೆಯ ಶತಮಾನದ ಶರಣರು ಅನುಭವವನ್ನು ಅನುಭಾವಿಗಳ ಗೋಷ್ಠಿಯ ಮುಂದಿಟ್ಟು ಒರೆಗೆ ಹಚ್ಚಿದರು. ತನಗೆ ಕಂಡಿತೆಂಬ ಒಂದೇ ಕಾರಣದಿಂದ ಯಾರ ಮಾತನ್ನೂ ಅಲ್ಲಿ ಒಪ್ಪಲಿಲ್ಲ. ಆತ್ಮವಿಷಯದಲ್ಲಿಯೇ ಈ ನಿಷ್ಠುರತೆ ಇರುವಾಗ ಲೋಹ, ಗಾಳಿ, ಬೆಂಕಿಗಳ ವಿಷಯದಲ್ಲಿ ಅದು ಇನ್ನೂ ಹೆಚ್ಚಾಗಿರಬೇಡವೆ? ಶಾಸ್ತ್ರಿಗಳ ಪ್ರಾಮಾಣಿಕತೆ ಒಂದು ಪ್ರಶ್ನೆ, ಗ್ರಂಥದ ಪ್ರಾಮಾಣ್ಯ ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ಹೌದೆಂದವನು ಎರಡನೆಯದಕ್ಕೆ ಅಲ್ಲವೆನ್ನಬಹುದು.

ಇಷ್ಟಾದರೂ ಒಂದು ಪುಸ್ತಕದ ತಪ್ಪು ಹೆಸರಿನಿಂದ ಯಾರಿಗೇನು ನಷ್ಟವೆಂದು ಕೇಳುವವರಿದ್ದಾರೆ. ನಷ್ಟ ಎರಡು ಬಗೆಯದು.

ಒಂದು, ಸುಳ್ಳು ಬಯಲಾದಾಗ ಅದರೊಡನೆ ನಿಜವೂ ಅನುಮಾನಕ್ಕೆ ಗುರಿಯಾಗುತ್ತದೆ. 2015ರ ಜನವರಿಯಲ್ಲಿ ಮುಂಬಯಿಯಲ್ಲಿ ನೆರೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 102ನೆಯ ಅಧಿವೇಶನದಲ್ಲಿ ಈ ಗ್ರಂಥವನ್ನು ಆಧರಿಸಿದ ಪ್ರಬಂಧವೊಂದನ್ನು ಓದಲಾಯಿತು. ನಾಲ್ಕು ದಶಕಗಳ ಹಿಂದೆಯೇ ಪರೀಕ್ಷೆ ಮುಗಿದಿದ್ದ ವಿಷಯ ವಿದ್ವತ್ಸಭೆಯ ವೇದಿಕೆಯೇರಿದುದನ್ನು ಕಂಡು ವಿಜ್ಞಾನಿಗಳು ಪ್ರತಿಭಟಿಸಿದರು, ಲೋಕ ನಕ್ಕಿತು. ಆ ನಗೆಯಲ್ಲಿ ಆರ್ಯಭಟನೂ ಸುಶ್ರುತನೂ ಸಿಕ್ಕಿಕೊಂಡರು. ನಮ್ಮ ಹಳೆಯ ವಿದ್ಯಾರ್ಥಿಗಳ ಎರಡನೆಯ ಪ್ರಶ್ನೆ ಹುಟ್ಟಿದುದು ಇಂಥಲ್ಲಿಯೇ. ಅವರಿಗೆ ನಮ್ಮ ಉತ್ತರವಿಷ್ಟು: ಒಂದು ನಾಣ್ಯ ಖೋಟಾ ಎಂದು ತಿಳಿದಾಗ ಚೀಲವನ್ನೇ ಬಾವಿಗೆ ಎಸೆಯುವವನು ವ್ಯಾಪಾರಿಯಲ್ಲ. ಒಂದೊಂದನ್ನೂ ಸದ್ದು ಮಾಡಿ ನೋಡಿ ಬೇರ್ಪಡಿಸುವವನು ವ್ಯಾಪಾರಿ. ಪರಂಪರೆಯನ್ನು ಹೊತ್ತವರಿಗೆ ಈ ಕೆಲಸ ಇತರರಿಗಿಂತ ಹೆಚ್ಚು ಅವಶ್ಯ.

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಇಲ್ಲದ ವಿದ್ಯೆಯ ಜಯಘೋಷದಲ್ಲಿ ಇದ್ದ ವಿದ್ಯೆ ಮರೆಯಾಗುತ್ತದೆ. ಕನ್ನಡದಲ್ಲಿ ‘ಲೋಕೋಪಕಾರ’ವೆಂಬ ಗ್ರಂಥವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ಇದನ್ನು ರಚಿಸಿದನು. ನೆಲದೊಳಗಿನ ನೀರನ್ನು ಗುರುತಿಸುವುದು, ಮನೆ ಕಟ್ಟುವುದು, ಗಿಡಮರಗಳ ರೋಗ ಕಳೆಯುವುದು, ಸುಗಂಧದ್ರವ್ಯ ಕೂಡಿಸುವುದು, ಅಡಿಗೆ ಮಾಡುವುದು, ವಿಷಕ್ಕೆ ಮದ್ದು ಕೊಡುವುದು, ಇವು ಅದರ ವಿಷಯ. ಅದರಲ್ಲಿ ಶಕುನ, ಮುಹೂರ್ತಗಳೂ ಇವೆ; ಎಲ್ಲವೂ ಇಂದು ನಿಲ್ಲುವಂಥವಲ್ಲ. ಆದರೆ ಅದು ತನ್ನ ಕಾಲವನ್ನು ಮರೆಮಾಚುವುದಿಲ್ಲ, ಕರ್ತೃವನ್ನು ಮರೆಮಾಚುವುದಿಲ್ಲ, ಲೋಕಕ್ಕೆ ಉಪಕಾರವಾಗಲೆಂಬುದನ್ನು ಬಿಟ್ಟು ಹೆಸರಿನಲ್ಲಿ ಬೇರೆ ಏನನ್ನೂ ಹೇಳಿಕೊಳ್ಳುವುದಿಲ್ಲ. ‘ವೈಮಾನಿಕ ಶಾಸ್ತ್ರ’ವನ್ನು ಬಲ್ಲ ಹತ್ತು ಮಂದಿಯಲ್ಲಿ ‘ಲೋಕೋಪಕಾರ’ವನ್ನು ಕೇಳಿಬಲ್ಲವರು ಎಷ್ಟು ಮಂದಿ? ವಾಚಕರು ತಮ್ಮನ್ನು ತಾವೇ ಕೇಳಿಕೊಳ್ಳಲಿ.

ಗ್ರಂಥವೇ ಇಲ್ಲದ ವಿದ್ಯೆಗಳೂ ನಮ್ಮ ನಡುವೆ ಇವೆ. ಇಳಕಲ್ಲಿನ ಸೀರೆಯನ್ನು ನೋಡಿರಿ. ಅದರ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಎಳೆಗಳ ಕುಣಿಕೆಗೆ ಸೆರಗಿನ ಕೆಂಪು ರೇಷ್ಮೆಯ ಎಳೆಗಳ ಕುಣಿಕೆಯನ್ನು ತೊಡಿಸಿ ಕೊಂಡಿ ಹಾಕುತ್ತಾರೆ. ಹೊಲಿಗೆಯಿಲ್ಲ, ಗಂಟಿಲ್ಲ, ಎಳೆಗೆ ಎಳೆ ಸೇರಿ ಒಂದೇ ಅರಿವೆಯಾಗುತ್ತದೆ. ಒಂದೊಂದು ಸೀರೆಗೂ ಈ ಶ್ರಮ ತಪ್ಪಿದ್ದಲ್ಲ. ಇದನ್ನು ಮಾಡುವ ತಾಯಂದಿರಿಗೆ ತಮ್ಮದು ತಂತ್ರವಿದ್ಯೆಯೆಂಬ ಹೆಮ್ಮೆಯೂ ಇಲ್ಲ, ತಮ್ಮ ವಿದ್ಯೆಯನ್ನು ಯಾವ ಋಷಿಯ ಹೆಸರಿಗೂ ಅವರು ಹಚ್ಚಿಲ್ಲ. ಗ್ರಂಥದ ಹೆಸರೂ ಒಡಲಿಗೆ ಸೆರಗು ಕೂಡಿದಂತೆ ಕೂಡಬೇಕು. ಬೇರೆ ಮಗ್ಗದ ಸೆರಗನ್ನು ತಂದು ಅಂಟಿಸಿದರೆ ಒಂದು ಒಗೆತಕ್ಕೆ ಬಿಟ್ಟುಬರುತ್ತದೆ.

ಅಳತೆಯೆಂದರೇನೆಂಬುದನ್ನು ಬಾಗಲಕೋಟೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.60 ಮೀಟರೆಂಬ ಒಂದು ಸಂಖ್ಯೆಗಾಗಿ ಹಳೆಯ ಪಟ್ಟಣದ ಓಣಿಗಳು ಬರಿದಾದವು, ಜನ ನವನಗರಕ್ಕೆ ಹೋದರು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿಯು 524.256 ಮೀಟರಿಗೆ ಒಪ್ಪಿಗೆ ಕೊಟ್ಟಾಗ, ದಶಾಂಶದ ಆಚೆಗಿನ ಅಂಕೆಯೂ ಹೊಲಮನೆಗಳ ಭವಿಷ್ಯವೆಂದು ನದೀತೀರದ ರೈತನಿಗೆ ತಿಳಿಯಿತು. ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ಏರಿದಾಗ ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಿದುದೂ ಅಳತೆಯೇ. ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ, ನೀರಿನ ಒತ್ತಡವನ್ನು ತಡೆದು ನಿಲ್ಲಿಸಿದ್ದಾರೆ. ಭಕ್ತರು ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುತ್ತಾರೆ. ಆ ಗೋಡೆಯ ಲೆಕ್ಕದಲ್ಲಿ ತಪ್ಪಾಗಿದ್ದರೆ ಯಾವ ಶ್ಲೋಕವೂ ನೀರನ್ನು ತಡೆಯುತ್ತಿರಲಿಲ್ಲ. ಯಂತ್ರವಿದ್ಯೆ ಇಂಥ ಹೊಣೆಯ ವಿದ್ಯೆ. ಅದರ ಹೆಸರನ್ನು ಹಗುರವಾಗಿ ಬಳಸಬಾರದು.

ನಿಜವಾದ ವೈಮಾನಿಕ ಶಾಸ್ತ್ರವೂ ನಮ್ಮ ನಾಡಿಗೆ ಹೊರತಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನವಿದ್ಯೆಯ ವಿಭಾಗ ಆರಂಭವಾಯಿತು. ಜರ್ಮನಿಯಲ್ಲಿ ಪ್ರಾಂಟ್ಲ್ ಎಂಬ ವಿಖ್ಯಾತ ವಿಜ್ಞಾನಿಯ ಬಳಿ ಕಲಿತು ಬಂದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್. ಟಿ. 2 ಎಂಬ ತರಬೇತಿ ವಿಮಾನ ರೂಪುಗೊಂಡು 1951ರಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಅದು ಆನೇಕಲ್ಲಿನಿಂದ ಬಹಳ ದೂರವೂ ಅಲ್ಲ. ಹಾರಿದ ವಿಮಾನದ ಕಥೆ ನಮ್ಮ ಮಕ್ಕಳಿಗೆ ತಿಳಿಯದು, ಹಾರದ ವಿಮಾನದ ಕಥೆ ಬಾಯಿಪಾಠ. ಇದು ಖೇದದ ಸಂಗತಿ.

ಹಾಗಾದರೆ ಈ ಗ್ರಂಥವನ್ನು ಏನು ಮಾಡಬೇಕು? ಸುಡಬೇಕೆಂದಾಗಲಿ ಮರೆಯಬೇಕೆಂದಾಗಲಿ ನಾವು ಹೇಳುವುದಿಲ್ಲ. ಅದು ಹುಟ್ಟಿದ ಕಾಲವನ್ನು ನೆನೆಯಿರಿ. 1903ರ ಡಿಸೆಂಬರ್ 17ರಂದು ರೈಟ್ ಸೋದರರು ಅಮೆರಿಕೆಯಲ್ಲಿ ಹಾರಿದರು. 1911ರ ಫೆಬ್ರವರಿಯಲ್ಲಿ ಅಲಹಾಬಾದಿನಿಂದ ನೈನಿಗೆ ವಿಮಾನದಲ್ಲಿ ಅಂಚೆ ಹೋಯಿತು. 1914ರಿಂದ ಮಹಾಯುದ್ಧದ ವಿಮಾನಗಳ ಸುದ್ದಿ ಪತ್ರಿಕೆಗಳಲ್ಲಿ ತುಂಬಿತ್ತು. ಪರರ ಆಳ್ವಿಕೆಯಲ್ಲಿದ್ದ ನಾಡಿನ ಒಬ್ಬ ಸಂಸ್ಕೃತ ಪಂಡಿತ ಈ ಹೊಸ ವಿಸ್ಮಯವನ್ನು ತನ್ನ ಭಾಷೆಯಲ್ಲಿ, ತನ್ನ ಛಂದಸ್ಸಿನಲ್ಲಿ, ತನ್ನ ಋಷಿಯ ಹೆಸರಿನಲ್ಲಿ ಕಂಡುಕೊಂಡ ಬಗೆ ಇದು. ಹೀಗೆ ನೋಡಿದರೆ ಗ್ರಂಥಕ್ಕೆ ಒಂದು ಬೆಲೆ ಬರುತ್ತದೆ, ಅದರ ಮೇಲೆ ಒಂದು ಮರುಕವೂ ಹುಟ್ಟುತ್ತದೆ. ಮುಂದೆ ಮುದ್ರಿಸುವವರು ‘ಆನೇಕಲ್ ಸುಬ್ಬರಾಯ ಶಾಸ್ತ್ರಿಗಳ ವಿಮಾನಕಲ್ಪನೆ, 1918–1923’ ಎಂದು ಹೊದಿಕೆಯ ಮೇಲೆ ಹಾಕಲಿ. ಆಗ ಹೆಸರಿಗೂ ಹುರುಳಿಗೂ ಜಗಳವಿರುವುದಿಲ್ಲ. ಆ ಶತಮಾನದ ಮನಸ್ಸನ್ನು ಅರಿಯಬಯಸುವ ವಿದ್ವಾಂಸನಿಗೆ ಅದು ಒಳ್ಳೆಯ ಆಕರವಾದೀತು.

ಆನೇಕಲ್ಲಿನಲ್ಲಿ ಈ ಶ್ಲೋಕಗಳು ಮುಗಿದ 1923ರಲ್ಲಿಯೇ ವಿಜಾಪುರದ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗ ಬೆಳಕು ಕಂಡಿತು. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ವಿಜಾಪುರ ಜಿಲ್ಲೆಗೇ ಸೇರಿದ್ದವು. ಎರಡರ ಹೆಸರಿನಲ್ಲಿಯೂ ಶಾಸ್ತ್ರವೆಂಬ ಪದವಿದೆ. ಹಳಕಟ್ಟಿಯವರು ತಾಡೋಲೆಗಳನ್ನು ಹುಡುಕಿ, ಪ್ರತಿಗೆ ಪ್ರತಿ ಹೋಲಿಸಿ, ಅಂಕಿತಗಳನ್ನು ಗುರುತಿಸಿ ವಚನಗಳನ್ನು ಪ್ರಕಟಿಸಿದರು. ಅವರ ಬಳಿಕ ಬಂದ ಸಂಪಾದಕರು ಅವರ ಕೆಲಸವನ್ನೂ ತಿದ್ದಿದರು. ಪ್ರಕ್ಷಿಪ್ತ ವಚನಗಳನ್ನು ಬೇರ್ಪಡಿಸಿದರು. ಅದರಿಂದ ಬಸವಾದಿ ಶರಣರ ಗೌರವ ಕುಗ್ಗಲಿಲ್ಲ, ಹೆಚ್ಚಿತು. ತನಗೆ ಪ್ರಿಯವಾದುದನ್ನೇ ಕಠಿಣವಾಗಿ ಪರೀಕ್ಷಿಸುವವನು ನಿಜವಾದ ಭಕ್ತ.

ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು ತನ್ನ ಶಾಸನದಲ್ಲಿ ಶಕವರ್ಷ 556 ಎಂದು, ಅಂದರೆ ಕ್ರಿಸ್ತಶಕ 634 ಎಂದು, ಕಾಲವನ್ನು ಬಿಡಿಸಿ ಹೇಳಿದನು. ಕಾಳಿದಾಸ ಭಾರವಿಯರ ಹೆಸರನ್ನೂ ಸ್ಮರಿಸಿದನು. ಆ ಒಂದು ಪ್ರಾಮಾಣಿಕ ತೇದಿಯಿಂದ ಆ ಮಹಾಕವಿಗಳು ಅದಕ್ಕಿಂತ ಹಿಂದಿನವರೆಂದು ಇಡೀ ಭರತಖಂಡಕ್ಕೆ ನಿಶ್ಚಯವಾಯಿತು. ತನ್ನ ಕಾಲವನ್ನು ನಿಜವಾಗಿ ಹೇಳಿದ ಬರಹ ಇತರರ ಕಾಲಕ್ಕೂ ದೀಪವಾಗುತ್ತದೆ.

ಶಿಕ್ಷಕರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಸೂಚನೆ. ಶಾಲೆಯ ಮಕ್ಕಳು ಈ ಗ್ರಂಥದ ಬಗೆಗೆ ಕೇಳಿದರೆ ಗದರಿಸಬೇಡಿರಿ, ನಗಬೇಡಿರಿ. ಯಾರು ಹೇಳಿದರು, ಯಾವಾಗ ಹೇಳಿದರು, ಪ್ರತಿ ಎಲ್ಲಿದೆ, ಮಾಡಿ ನೋಡಿದವರಾರು ಎಂಬ ನಾಲ್ಕು ಪ್ರಶ್ನೆಗಳನ್ನು ಅವರಿಗೆ ಕಲಿಸಿರಿ. ಬಳಿಕ ಅವರನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ ಗುಂಡನ ಹೆಸರಿರುವ ಶಾಸನವನ್ನು ತೋರಿಸಿರಿ. ಇಳಕಲ್ಲಿನ ಮಗ್ಗದ ಮುಂದೆ ಕೂರಿಸಿ ಕೊಂಡಿ ಹಾಕುವುದನ್ನು ನೋಡಗೊಡಿರಿ. ಪೂರ್ವಜರ ಬಗೆಗೆ ಅಭಿಮಾನ ಪಡಲು ನಮಗೆ ಬೇಕಾದಷ್ಟು ಕಾರಣಗಳಿವೆ. ಸಾಲ ತಂದ ಅಭಿಮಾನದ ಅವಶ್ಯಕತೆ ಇಲ್ಲ.